ಕಬ್ಬಿಣದ ಅಂಶ ಒಂದೇ ಇದ್ದರೂ ಅದಿರಿನ ಬೆಲೆ ಬೇರೆ ಏಕೆ?

ಪ್ರಶ್ನೆ: ಸಂಡೂರು ಭಾಗದ ಎರಡು ಗಣಿಗಳ ಪುಡಿ ಅದಿರಿನಲ್ಲಿ ಕಬ್ಬಿಣದ ಅಂಶ ಶೇ 62 ಎಂದೇ ಪರೀಕ್ಷಾ ವರದಿಯಲ್ಲಿದ್ದರೂ ಖರೀದಿದಾರರು ಒಂದಕ್ಕೆ ಕಡಿಮೆ ಬೆಲೆ ಹೇಳುತ್ತಿದ್ದಾರೆ. ಬಲ್ಲವರು ದಯವಿಟ್ಟು ಕಾರಣ ವಿವರಿಸಬೇಕು.

ಉತ್ತರ 1: ವರದಿಯಲ್ಲಿ ಅಲ್ಯೂಮಿನಾ ಮತ್ತು ಸಿಲಿಕಾ (ಅದಿರಿನಲ್ಲಿ ಬೆರೆತಿರುವ ಜೇಡಿ, ಮರಳಿನ ಅಂಶಗಳು) ಎಷ್ಟಿವೆ ಎಂಬುದನ್ನು ಮೊದಲು ನೋಡಿ ಸರ್. ಅದಿರನ್ನು ಕರಗಿಸುವ ಊದುಕುಲುಮೆಯಲ್ಲಿ (ಬ್ಲಾಸ್ಟ್ ಫರ್ನೇಸ್) ಇವು ಸುಣ್ಣಕಲ್ಲಿನೊಡನೆ ಸೇರಿ ಕಿಟ್ಟವಾಗಿ, ಅಂದರೆ ಕರಗಿದ ಕಲ್ಮಶವಾಗಿ, ಹೊರಹರಿಯಬೇಕು; ಅಲ್ಯೂಮಿನಾ ಹೆಚ್ಚಿದ್ದರೆ ಕಿಟ್ಟ ಮಂದವಾಗಿ ಸರಿಯಾಗಿ ಹರಿಯದು, ಅದನ್ನು ತೆಳುವಾಗಿಸಲು ಹೆಚ್ಚಿನ ಶಾಖ ಬೇಕಾಗಿ ಕೋಕ್ (ಕಲ್ಲಿದ್ದಲಿನಿಂದ ಮಾಡಿದ ಇಂಧನ) ಖರ್ಚು ಏರುತ್ತದೆ, ಉತ್ಪಾದನೆಯೂ ಇಳಿಯುತ್ತದೆ. ನಮ್ಮ ಹೆಮಟೈಟ್ (ಕೆಂಪು ಕಬ್ಬಿಣದ ಅದಿರು) ಪುಡಿಯ ದೊಡ್ಡ ತೊಡಕು ಇದೇ ಎಂಬುದು ನನ್ನ ಅಭಿಪ್ರಾಯ.

ಉತ್ತರ 2: ರಂಜಕವನ್ನೂ (ಫಾಸ್ಫರಸ್) ಗಮನಿಸಬೇಕು. ಕುಲುಮೆಯಲ್ಲಿ ಅದು ಕಿಟ್ಟಕ್ಕೆ ಹೋಗದೆ ಬಹುಪಾಲು ಕಬ್ಬಿಣಕ್ಕೇ ಸೇರುತ್ತದೆ; ಮುಂದೆ ತೆಗೆಯದಿದ್ದರೆ ಉಕ್ಕು ಚಳಿಯಲ್ಲಿ ಪೆಡಸಾಗಿ ಬಿರಿಯುತ್ತದೆ.

ಉತ್ತರ 3: ಕಡಿಮೆ ದರ್ಜೆಯ ಅದಿರೆಲ್ಲ ನಿರುಪಯುಕ್ತವಲ್ಲ ಎಂಬುದಕ್ಕೆ 2005ರವರೆಗೆ ಗಣಿಗಾರಿಕೆ ನಡೆದ ಕುದುರೆಮುಖವೇ ಸಾಕ್ಷಿ. ಅಲ್ಲಿನ ಮ್ಯಾಗ್ನೆಟೈಟನ್ನು (ಕಾಂತಕ್ಕೆ ಅಂಟುವ ಕಬ್ಬಿಣದ ಅದಿರು) ನುಣ್ಣಗೆ ಅರೆದು, ಕಾಂತದಿಂದ ಬೇರ್ಪಡಿಸಿ, ನೀರಿನೊಡನೆ ಕೊಳವೆಯಲ್ಲಿ ಮಂಗಳೂರಿಗೆ ಸಾಗಿಸುತ್ತಿದ್ದರು. ಹೆಮಟೈಟಿನಲ್ಲಿ ಜೇಡಿಯಾಗಿ ಬೆರೆತ ಅಲ್ಯೂಮಿನಾ ಅಷ್ಟು ಸುಲಭವಾಗಿ ಬಿಡುವುದಿಲ್ಲವಾದ್ದರಿಂದ, ತೊಳೆದು ಶುದ್ಧಗೊಳಿಸುವ ವೆಚ್ಚವನ್ನು ಖರೀದಿದಾರರು ಬೆಲೆಯಲ್ಲೇ ಕಳೆಯುತ್ತಾರೆ.