ಹೊಸ ಇಂಪೆಲ್ಲರ್ ಹಾಕಿದ್ರೂ ನೀರು ಚಿಮ್ಮುತ್ತಿಲ್ಲ, ಎಂಜಿನ್ ಬಿಸಿಯಾಗ್ತಾ ಇದೆ

ಅಳಿವೆಬಾಗಿಲು:
ಸಾಕಾಗಿ ಹೋಗಿದೆ. ದೋಣಿ ಹಿಂದೆ ಕಟ್ಟುವ ಔಟ್‌ಬೋರ್ಡ್ ಎಂಜಿನ್ನಿಗೆ ಹೊಸ ವಾಟರ್ ಪಂಪ್ ಕಿಟ್ ಹಾಕಿ ಆಯ್ತು, ನೀರು ಮೇಲೆತ್ತುವ ರೆಕ್ಕೆಯ ರಬ್ಬರ್ ಚಕ್ರ ಅಂದ್ರೆ ಇಂಪೆಲ್ಲರ್ ಸಮೇತ. ಆದ್ರೂ ಎಂಜಿನ್ ತಂಪು ಮಾಡಿದ ನೀರು ಹೊರಗೆ ಚಿಮ್ಮುವ ಹಿಂದಿನ ಸಣ್ಣ ತೂತಲ್ಲಿ ಒಂದು ಹನಿ ನೀರಿಲ್ಲ. ಸ್ವಲ್ಪ ಹೊತ್ತು ಓಡಿಸಿದ್ರೆ ಎಂಜಿನ್ ಹೆಡ್ ಮುಟ್ಟೋಕಾಗಲ್ಲ. ಮಳೆಗಾಲದ ಮೀನುಗಾರಿಕೆ ನಿಷೇಧ ಜುಲೈ 31ಕ್ಕೇ ಮುಗಿದಿದೆ, ಎಲ್ರೂ ಕಡಲಿಗಿಳಿದಾಯ್ತು, ನನ್ನ ದೋಣಿ ಮಾತ್ರ ಗಂಗೊಳ್ಳಿ ದಡದಲ್ಲೇ ಇದೆ. ಗೊತ್ತಿದ್ದವರು ಬೇಗ ಹೇಳಿ.

ಮಲ್ಪೆ40:
ಎಷ್ಟು ಎಚ್‌ಪಿ, ಯಾವ ಕಾಲದ್ದು ಅಂತ ಹೇಳ್ಲೇ ಇಲ್ವಲ್ಲ ಮಾರಾಯ್ರೆ. ಯಾವುದೇ ಇರ್ಲಿ, ಕೀ ಬಿದ್ದಿದೆ. ಇಂಪೆಲ್ಲರನ್ನು ಶಾಫ್ಟಿಗೆ ಹಿಡಿದಿಡುವ ಆ ಅರ್ಧಚಂದ್ರ ಕೀ ಪಂಪಿನ ಹೌಸಿಂಗ್ ಇಳಿಸುವಾಗ ಜಾರುತ್ತೆ. ಆಮೇಲೆ ಶಾಫ್ಟ್ ತಿರುಗುತ್ತೆ, ಇಂಪೆಲ್ಲರ್ ತಿರುಗಲ್ಲ. ಕೀಗೆ ಗ್ರೀಸ್ ಹಚ್ಚಿ ಕೂರಿಸಿ.

ಅಳಿವೆಬಾಗಿಲು:
15 ಎಚ್‌ಪಿ, ಹಳೇ ಟೂ ಸ್ಟ್ರೋಕ್, ಲಾಂಗ್ ಶಾಫ್ಟ್. ಈಗಷ್ಟೇ ಬಿಚ್ಚಿ ನೋಡಿದೆ, ಕೀ ಇದ್ದಲ್ಲೇ ಇದೆ.

ಮಲ್ಪೆ40:
ಹಾಗಾದ್ರೆ ಕೀ ಸವೆದಿದೆ. ಹೊಸದು ಹಾಕಿ.

ಕಾಳಿಹೊಳೆ:
ಕೀ ಕೀ ಅಂತ ಎಷ್ಟು ಹೇಳ್ತೀರಿ! ಎಂಜಿನ್ ಬಿಸಿಯಾದಾಗ ತೆರೆದು ನೀರು ಬಿಡುವ ಥರ್ಮೋಸ್ಟಾಟ್ ಮುಚ್ಕೊಂಡಿರ್ಬೇಕು. ಅಂದ ಹಾಗೆ, ಡ್ರಮ್ಮಲ್ಲಿ ಓಡ್ಸಿದ್ರಾ? ಪ್ರೊಪೆಲ್ಲರ್ ಮೇಲಿನ ಪ್ಲೇಟ್ ಪೂರ್ತಿ ಮುಳುಗಿರ್ಬೇಕು. ನೀರಿಲ್ಲದೆ ಸ್ಟಾರ್ಟ್ ಮಾಡಿದ್ರೆ ಹೊಸ ರಬ್ಬರ್ ಕೆಲವೇ ಸೆಕೆಂಡಲ್ಲಿ ಸುಟ್ಟು ಹೋಗುತ್ತೆ.

ಮಲ್ಪೆ40:
ಬಹಳ ಮಾಡೆಲ್‌ಗಳಲ್ಲಿ ಆ ತೂತಿನ ನೀರು ಥರ್ಮೋಸ್ಟಾಟ್‌ಗಿಂತ ಮುಂಚೆನೇ ಬರುತ್ತೆ. ಅದು ಮುಚ್ಚಿದ್ರೂ ನೀರು ಚಿಮ್ಮಲೇಬೇಕು.

ಬೂತಾಯಿಬಲೆ:
ಸೀಮೆಎಣ್ಣೆಯಲ್ಲಿ ಓಡಿಸ್ತೀರಾ? ಅದ್ರಲ್ಲಿ ಬಿಸಿ ಜಾಸ್ತಿ. ನಮ್ಮಲ್ಲಿ 9.9 ಎಚ್‌ಪಿ ಒಂದು, 25 ಒಂದು ಇದೆ. ಕಡಲಿಂದ ಬಂದ ಕೂಡ್ಲೇ ಬಾವಿ ನೀರಿನ ಡ್ರಮ್ಮಿಗೆ ಇಳಿಸಿ ಓಡಿಸ್ತೇವೆ. 25ರ ಹೆಡ್ ಬಿಚ್ಚಿದ್ರೆ ಒಳಗೆ ಉಪ್ಪಿನ ಕಲೆ ಸಹ ಕಾಣಲ್ಲ.

ಕಾಳಿಹೊಳೆ:
ನೀರೇ ಬರದಿದ್ದಾಗ ಸೀಮೆಎಣ್ಣೆ ಮಾತು ಯಾಕೆ?

ಶರಾವತಿತೀರ:
ಅಣ್ಣ, ಪಂಪನ್ನು ಪದೇ ಪದೇ ಬಿಚ್ಚಬೇಡಿ, ಗ್ಯಾಸ್ಕೆಟ್ ಹಾಳಾಗುತ್ತೆ. ಮೊದ್ಲು ತೊಂದ್ರೆ ಮೇಲಿದೆಯೋ ಕೆಳಗಿದೆಯೋ ತಿಳ್ಕೊಳ್ಳಿ. ಗೇರ್ ಕೇಸ್ (ಪ್ರೊಪೆಲ್ಲರ್ ಇರುವ ಕೆಳಭಾಗ) ಇಳಿಸಿದಾಗ ಮೇಲಿನಿಂದ ನೇತಾಡುವ ನೀರಿನ ಪೈಪ್ ಕಾಣುತ್ತಲ್ಲ, ಅದಕ್ಕೆ ಹೋಸ್ ಒತ್ತಿ ಹಿಡಿದು ನಲ್ಲಿ ಬಿಡಿ. ಹಿಂದಿನ ತೂತಲ್ಲಿ ನೀರು ಚಿಮ್ಮಿದ್ರೆ ಮೇಲಿನ ದಾರಿ ಸರಿ ಇದೆ, ತೊಂದ್ರೆ ಪಂಪಲ್ಲಿ. ಇಲ್ಲಾಂದ್ರೆ ಪಂಪ್ ಮುಟ್ಟಲೇಬೇಡಿ. ತೂತಿಗೆ ದಪ್ಪ ನೈಲಾನ್ ದಾರ ತೂರಿಸಿ ನೋಡಿ, ಉಪ್ಪು ಗಟ್ಟಿಯಾಗಿರ್ಬಹುದು.

ಇನ್ನೊಂದು, ಬಿಚ್ಚಿದ ಹಳೇ ಇಂಪೆಲ್ಲರ್ ಹೇಗಿತ್ತು?

ಅಳಿವೆಬಾಗಿಲು:
ಎರಡು ರೆಕ್ಕೆ ಇರಲಿಲ್ಲ. ಅದಕ್ಕೇ ತಾನೇ ಬದಲಾಯಿಸಿದ್ದು.

ಶರಾವತಿತೀರ:
ಆ ಎರಡು ರೆಕ್ಕೆ ಎಲ್ಲಿ ಹೋಯ್ತು? ಪಂಪ್ ಒಳಗೆ ಸಿಕ್ಕಿಲ್ಲ ಅಂದ್ರೆ ನೀರಿನ ಜೊತೆ ಮೇಲೆ ಹೋಗಿ ಕೂತಿದೆ. ಈಗ ಹೋಸನ್ನು ಹಿಂದಿನ ತೂತಿಗೇ ಹಿಡಿದು ಉಲ್ಟಾ ನೀರು ಬಿಡಿ, ಕೆಳಗೆ ಪೈಪಿನ ಬಾಯಿಗೆ ಒಂದು ಬಟ್ಟೆ ಹಿಡೀರಿ.

ಮಲ್ಪೆ40:
ಕೀ ಮಾತ್ರ ಹೊಸದು ಹಾಕಿ, ಹೇಳಿಲ್ಲ ಅನ್ಬೇಡಿ.

ಅಳಿವೆಬಾಗಿಲು:
ಬಂತು! ಕೆಳಗಿಂದ ಬಿಟ್ಟಾಗ ಮೇಲೆ ಏನೂ ಬರಲಿಲ್ಲ. ಉಲ್ಟಾ ಬಿಟ್ಟಾಗ ಮೊದ್ಲು ಕಂದು ನೀರು ಸೋರಿತು, ಆಮೇಲೆ ಬಟ್ಟೆ ಮೇಲೆ ಉಗುರಿನಷ್ಟು ಕಪ್ಪು ರಬ್ಬರ್ ಚೂರು, ಒಂದು ಅಂಚು ಸುಟ್ಟು ಗಟ್ಟಿಯಾಗಿದೆ. ಇನ್ನೊಂದು ರೆಕ್ಕೆ ಸಿಕ್ಕಿಲ್ಲ. ನೀರು ಈಗ ಚಿಮ್ಮುತ್ತೆ, ಆದ್ರೆ ನೀರಿನ ಧಾರೆ ಸಪೂರ.

ಶರಾವತಿತೀರ:
ಅದೂ ಸಿಗೋ ತನಕ ಕಡಲಿಗೆ ಹೋಗ್ಬೇಡಿ. ಥರ್ಮೋಸ್ಟಾಟ್ ಮುಚ್ಚಳ ತೆಗೆದು ಅಲ್ಲಿಂದಲೂ ನೀರು ಬಿಡಿ. ವಾಪಸ್ ಜೋಡಿಸುವಾಗ ಪೈಪ್ ಹೌಸಿಂಗಿನ ರಬ್ಬರ್ ಬುಷ್ ಒಳಗೆ ನೇರ ಇಳಿದಿದ್ಯಾ ನೋಡಿ, ಮಡಚಿಕೊಂಡ್ರೆ ನೀರು ಅಲ್ಲೇ ಸೋರುತ್ತೆ. ಶಾಫ್ಟಿನ ಹಲ್ಲುಗಳ ಪಕ್ಕಕ್ಕೆ ಮಾತ್ರ ಗ್ರೀಸ್, ತುದಿಗೆ ಬೇಡ, ಹಚ್ಚಿದ್ರೆ ಗೇರ್ ಕೇಸ್ ಪೂರ್ತಿ ಮೇಲೇರಲ್ಲ. ಶಾಫ್ಟನ್ನು ಉಲ್ಟಾ ಮಾತ್ರ ತಿರುಗಿಸಬೇಡಿ.

ಕಾಳಿಹೊಳೆ:
ಥರ್ಮೋಸ್ಟಾಟ್ ಅಂತ ನಾನು ಮೊದ್ಲೇ ಹೇಳಿದ್ದೆ.

ಹೊನ್ನಾವರದೋಣಿ:
ಇದೇ ಕೆಲ್ಸಕ್ಕೆ ಕೂತಿದ್ದೇನೆ. ಗೇರ್ ಕೇಸಿನ ನಾಲ್ಕು ಬೋಲ್ಟಲ್ಲಿ ಒಂದು ಉಪ್ಪು ಹಿಡಿದು ಅಲ್ಲಾಡ್ತಿಲ್ಲ. ಬಿಸಿ ಮಾಡ್ಲಾ, ಡ್ರಿಲ್ ಹೊಡೆಸ್ಲಾ?