‘ನರಾವತಾರ’ ಎಂಬ ಮಾತನ್ನು ಕ್ರೈಸ್ತರು ಯಾವ ಅರ್ಥದಲ್ಲಿ ಬಳಸುತ್ತಾರೆ?

ದಾವಣಗೆರೆಯ ಓದುಗ (ಪ್ರಶ್ನೆ):
ಕಳೆದ ಭಾನುವಾರ ನೆಂಟರನ್ನು ಕರೆದುಕೊಂಡು ಹರಿಹರಕ್ಕೆ ಹೋಗಿದ್ದೆ. ಹರಿಹರೇಶ್ವರನ ದರ್ಶನ ಮುಗಿಸಿ, ಅವರ ಆಸೆಯಂತೆ ಆರೋಗ್ಯಮಾತೆಯ ಚರ್ಚಿಗೂ ಹೋದೆವು. ಅಲ್ಲಿ ಸೇರಿದ್ದವರು ತಮ್ಮ ನಂಬಿಕೆಯನ್ನು ಒಕ್ಕೊರಲಿನಿಂದ ಹೇಳುತ್ತಿದ್ದರು. ದೇವರು ಮನುಷ್ಯನಾದ (ಇದನ್ನೇ ಅವರು ನರಾವತಾರ ಎನ್ನುತ್ತಾರೆ) ಎಂಬ ಮಾತು ಬಂದೊಡನೆ ಎಲ್ಲರೂ ಒಮ್ಮೆಗೇ ತಲೆ ಬಾಗಿಸಿದರು. ಬೆಳಿಗ್ಗೆ ತಾನೇ ಬಲಗಡೆ ಹರ, ಎಡಗಡೆ ಹರಿ ಇರುವ ವಿಗ್ರಹವನ್ನು ನೋಡಿ ಬಂದಿದ್ದ ನನಗೆ, ಯೇಸುವೂ ಹಾಗೆಯೇ ಅರ್ಧ ದೇವರು, ಅರ್ಧ ಮನುಷ್ಯ ಎಂದು ಇವರು ನಂಬುತ್ತಾರೆಯೇ ಎಂಬ ಪ್ರಶ್ನೆ ಹುಟ್ಟಿತು. ಹಾಗಲ್ಲವಾದರೆ, ರಾಮಕೃಷ್ಣಾದಿ ಅವತಾರಗಳಿಗೂ ಇದಕ್ಕೂ ಇರುವ ವ್ಯತ್ಯಾಸವೇನು? ತಿಳಿದವರು ದಯವಿಟ್ಟು ವಿವರಿಸಬೇಕು.

ಹರಿಹರದ ನಿವೃತ್ತ ಮೇಷ್ಟ್ರು:
ನಮ್ಮ ಊರಿನಲ್ಲಿದ್ದವರಿಗೆ ಆ ಹೋಲಿಕೆ ಹೊಳೆಯುವುದು ಸಹಜ. ಚಿಕ್ಕಂದಿನಲ್ಲಿ ನಾನೂ ಹಾಗೆಯೇ ತಿಳಿದಿದ್ದೆ. ಆದರೆ ನಮ್ಮ ಕ್ರೈಸ್ತ ಸಭೆಯು ಬಹಳ ಯೋಚಿಸಿ ತಳ್ಳಿಹಾಕಿದ್ದು ಈ ಅರ್ಧರ್ಧದ ಲೆಕ್ಕವನ್ನೇ. ಕ್ರಿ.ಶ. 325ರಲ್ಲಿ ನೈಸಿಯಾದಲ್ಲಿ ಸೇರಿದ ಧರ್ಮಸಭೆಯು, ಯೇಸುಕ್ರಿಸ್ತರು ದೇವರ ಸೃಷ್ಟಿಗಳಲ್ಲಿ ಮೊದಲಿಗರು ಮಾತ್ರ ಎಂಬ, ಆರಿಯಸ್ ಎಂಬ ಪಾದ್ರಿಯ ವಾದವನ್ನು ನಿರಾಕರಿಸಿ, ತಂದೆಯ ತತ್ತ್ವವೇ ಅವರ ತತ್ತ್ವ ಎಂದು ಸಾರಿತು. 451ರಲ್ಲಿ ಕಾಲ್ಸಿಡನ್ ಸಭೆಯು, ವ್ಯಕ್ತಿ ಒಬ್ಬರೇ, ಸ್ವಭಾವಗಳು ಎರಡು, ಆ ಎರಡೂ ಬೆರೆಯದೆ, ಬದಲಾಗದೆ, ಒಡೆಯದೆ, ಅಗಲದೆ ಇವೆ ಎಂದು ಹೇಳಿತು. ಅಂದರೆ ಪೂರ್ಣ ದೇವರು, ಪೂರ್ಣ ಮನುಷ್ಯ.

ಪ್ರಾಚೀನ ಕ್ರೈಸ್ತ ಗುರುಗಳು ಇದಕ್ಕೆ ಕಾದ ಕಬ್ಬಿಣದ ಉದಾಹರಣೆಯನ್ನು ಕೊಡುತ್ತಿದ್ದರು. ನಮ್ಮ ಓಣಿಯ ಕಮ್ಮಾರರ ಕುಲುಮೆಯಲ್ಲಿ ಕುಡುಗೋಲಿನ ಅಲಗು ಕೆಂಡದ ಬಣ್ಣಕ್ಕೆ ತಿರುಗಿದಾಗ, ಇಷ್ಟು ಭಾಗ ಬೆಂಕಿ, ಇಷ್ಟು ಭಾಗ ಕಬ್ಬಿಣ ಎಂದು ಗೆರೆ ಎಳೆಯಲಾಗುವುದಿಲ್ಲ. ಹಾಗೆಂದು ಕಬ್ಬಿಣ ಬೆಂಕಿಯಾಗಿಬಿಟ್ಟಿತು ಎನ್ನಲೂ ಆಗದು. ಅಲಗು ಆರಿ ತಣ್ಣಗಾಗುತ್ತದೆ ಎಂಬಲ್ಲಿಗೆ ಈ ಹೋಲಿಕೆ ಸೋಲುತ್ತದೆ, ಅದು ಬೇರೆ ಮಾತು.

ದುರ್ಗದ ಕೋಟೆ ಬೀದಿ:
ಮೇಷ್ಟ್ರು ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ನಾನು ಮಾಧ್ವ ಮನೆತನದವನು. ನಮ್ಮ ಸಿದ್ಧಾಂತದಲ್ಲಿ ಮೂಲರೂಪಕ್ಕೂ ಅವತಾರರೂಪಕ್ಕೂ ಭೇದವಿಲ್ಲ. ಭಗವಂತನ ದೇಹವು ನಮ್ಮ ದೇಹದಂತೆ ಪ್ರಾಕೃತವಾದದ್ದಲ್ಲ. ಆದುದರಿಂದ ಸೀತೆಯನ್ನು ಕಳೆದುಕೊಂಡ ರಾಮನು ಅತ್ತದ್ದನ್ನು ಹಿರಿಯರು ಲೋಕವಿಡಂಬನೆ, ಅಂದರೆ ಲೋಕದವರಂತೆ ನಟಿಸಿ ತೋರಿಸಿದ್ದು, ಎನ್ನುತ್ತಾರೆ. ನಿಜವಾದ ದುಃಖ ಅವನಿಗಿಲ್ಲ. ಕ್ರೈಸ್ತರು ಇದಕ್ಕೆ ತದ್ವಿರುದ್ಧವಾದುದನ್ನು ಹೇಳುತ್ತಾರೆ. ಬೈಬಲಿನ ಯೋಹಾನನ ಸುವಾರ್ತೆಯಲ್ಲಿ ಯೇಸು ದಾರಿ ನಡೆದು ದಣಿದು ಯಾಕೋಬನ ಬಾವಿಯ ಬಳಿ ಕೂತದ್ದೂ, ಗೆಳೆಯ ಲಾಜರನ ಸಮಾಧಿಯ ಹತ್ತಿರ ಅತ್ತದ್ದೂ ತೋರಿಕೆಯಲ್ಲ. ದೇಹ ಬರೀ ತೋರಿಕೆ ಎಂದವರನ್ನು ಕ್ರೈಸ್ತ ಸಭೆ ಮೊದಲ ಶತಮಾನಗಳಲ್ಲಿಯೇ ಹೊರಗಿಟ್ಟಿತು. ಗೀತೆಯ ಭಗವಂತ ಯುಗ ಯುಗದಲ್ಲೂ ಬರುತ್ತೇನೆ ಎನ್ನುತ್ತಾನೆ. ಇವರದು ಒಂದೇ ಸಲದ ಬರವು. ಹೀಗಿರುವಾಗ ‘ಅವತಾರ’ ಎಂಬ ನಮ್ಮ ಪದವನ್ನು ಅವರು ಎರವಲು ಪಡೆದದ್ದು ಅನುಕೂಲಕ್ಕಿಂತ ಗೊಂದಲವನ್ನೇ ಹೆಚ್ಚು ತಂದಿದೆ ಎಂದು ನನ್ನ ಅಭಿಪ್ರಾಯ.

ಹರಿಹರದ ನಿವೃತ್ತ ಮೇಷ್ಟ್ರು:
ಒಪ್ಪುತ್ತೇನೆ. ಅದೇ ಸುವಾರ್ತೆಯ ಮೊದಲ ಅಧ್ಯಾಯದ 14ನೆಯ ವಚನದ ಗ್ರೀಕ್ ಮೂಲದಲ್ಲಿ ‘ಇಳಿದು ಬಂದ’ ಎಂಬ ಅರ್ಥದ ಪದವೇ ಇಲ್ಲ. ವಾಕ್ಯವು (ದೇವರ ವಾಕ್ಕು, ಅಂದರೆ ಕ್ರಿಸ್ತರು) ಮಾಂಸವಾಯಿತು, ನಮ್ಮ ನಡುವೆ ಗುಡಾರ ಹಾಕಿತು ಎಂದಿದೆ. ಸುಗ್ಗಿ ಮುಗಿದ ಮೇಲೆ ನಮ್ಮ ಹೊಲಗಳಲ್ಲಿ ಕುರಿ ತರುಬುವವರು ಮಂದೆಯ ಪಕ್ಕದಲ್ಲೇ ಬಿಡಾರ ಹೂಡಿ, ಅದೇ ದೂಳು, ಅದೇ ಚಳಿಯಲ್ಲಿ ಮಲಗುತ್ತಾರಲ್ಲ, ನನಗೆ ಆ ವಚನ ಓದಿದಾಗಲೆಲ್ಲ ಅದೇ ಕಣ್ಣಿಗೆ ಕಟ್ಟುತ್ತದೆ.

ಬಸವನ ಬಾಗೇವಾಡಿಯಿಂದ ಬಂದು ನೆಲೆಸಿದವ:
ಹುಟ್ಟು ಸಾವುಗಳಿಲ್ಲದವನೇ ದೇವರು ಎಂದು ಶರಣರಿಂದ ಕಲಿತವರು ನಾವು. ಶಿಲುಬೆಯ ಮೇಲೆ ಸತ್ತವರು ದೇವರೆಂದರೆ, ಸಾಯುವ ವಸ್ತು ದೇವರು ಹೇಗಾದೀತು? ಕುಲುಮೆಯ ಉದಾಹರಣೆ ಇಲ್ಲಿಗೆ ಒದಗುವುದಿಲ್ಲ.

ಹರಿಹರದ ನಿವೃತ್ತ ಮೇಷ್ಟ್ರು:
ಹೌದು, ಇದು ಗಟ್ಟಿಯಾದ ಆಕ್ಷೇಪ. ದೈವಸ್ವಭಾವಕ್ಕೆ ಸಾವಿಲ್ಲ ಎಂಬುದನ್ನು ನಾವೂ ಒಪ್ಪುತ್ತೇವೆ. ಆದರೆ ಹುಟ್ಟುವುದು, ಸಾಯುವುದು ಸ್ವಭಾವವಲ್ಲ, ವ್ಯಕ್ತಿ. ಯೇಸುವಿನ ತಾಯಿ ಮರಿಯಮ್ಮನವರನ್ನು ದೇವಮಾತೆ ಎನ್ನಬಹುದೇ ಎಂಬ ಜಗಳ ಎದ್ದಾಗ, 431ರಲ್ಲಿ ಎಫೆಸದ ಸಭೆಯು, ಅವರು ಹೆತ್ತದ್ದು ದೇವರಾಗಿರುವ ಆ ಒಬ್ಬ ವ್ಯಕ್ತಿಯನ್ನೇ ಆದುದರಿಂದ ಎನ್ನಬಹುದು ಎಂದಿತು. ಅದೇ ನ್ಯಾಯದಿಂದ, ದೇವರಾಗಿರುವ ವ್ಯಕ್ತಿಯೇ ತಮ್ಮ ಮನುಷ್ಯಸ್ವಭಾವದಲ್ಲಿ ಸತ್ತರು ಎನ್ನುತ್ತೇವೆ. ಇದು ತರ್ಕದಿಂದ ಸಾಧಿಸಿ ತೋರಿಸುವಂಥದ್ದೆಂದು ನಾನು ಹೇಳಲಾರೆ.

ದಾವಣಗೆರೆಯ ಓದುಗ:
ಎಲ್ಲರಿಗೂ ವಂದನೆಗಳು. ಅವತಾರ ಸಮಾಪ್ತಿ ಎಂದು ನಮ್ಮಲ್ಲಿ ಹೇಳುತ್ತೇವೆ. ಯೇಸು ಸ್ವರ್ಗಕ್ಕೆ ಏರಿದ ಮೇಲೆ ಮನುಷ್ಯದೇಹವನ್ನು ಬಿಟ್ಟರೆಂದು ನಂಬುತ್ತಾರೆಯೇ?

ಹರಿಹರದ ನಿವೃತ್ತ ಮೇಷ್ಟ್ರು:
ಇಲ್ಲ, ಬಿಡಲಿಲ್ಲ. ಸತ್ತು ಎದ್ದ ಮೇಲೆ ಶಿಷ್ಯರ ಮುಂದೆ ಒಂದು ತುಂಡು ಸುಟ್ಟ ಮೀನನ್ನು ತಿಂದರೆಂದು ಲೂಕನು ಬರೆಯುತ್ತಾನೆ. ಸಂದೇಹಪಟ್ಟ ತೋಮನಿಗೆ ಕೈಯ ಗಾಯಗಳನ್ನು ತೋರಿಸಿದರೆಂದು ಯೋಹಾನನು ಬರೆಯುತ್ತಾನೆ. ಆ ಕೈಗಳೊಂದಿಗೇ ಅವರು ಮೇಲೇರಿದರು, ಇಂದಿಗೂ ಮನುಷ್ಯರಾಗಿಯೇ ಇದ್ದಾರೆ ಎಂಬುದು ಸಭೆಯ ನಂಬಿಕೆ.