ಹಾಸನಕ್ಕೆ ಖಾಸಗಿ ಎಫ್‌ಎಂ ಬರುವುದು ಇಷ್ಟು ತಡವಾದದ್ದೇಕೆ?

ಬಿ.ಎಂ. ರಸ್ತೆಯವ (ಸೆಪ್ಟೆಂಬರ್ 2024):
ಕಳೆದ ತಿಂಗಳ 28ರಂದು ಕೇಂದ್ರ ಸಚಿವ ಸಂಪುಟವು 234 ಹೊಸ ನಗರಗಳಲ್ಲಿ 730 ಖಾಸಗಿ ಎಫ್‌ಎಂ ವಾಹಿನಿಗಳ ಹರಾಜಿಗೆ ಒಪ್ಪಿಗೆ ನೀಡಿದ್ದು, ಆ ಪಟ್ಟಿಯಲ್ಲಿ ಹಾಸನ, ಚಿಕ್ಕಮಗಳೂರುಗಳ ಹೆಸರೂ ಇದೆ. ಮೈಸೂರು, ಮಂಗಳೂರುಗಳಲ್ಲಿ ಎಷ್ಟೋ ವರ್ಷಗಳಿಂದ ಖಾಸಗಿ ಬಾನುಲಿ ಇರುವಾಗ ನಡುವೆ ಇರುವ ನಮ್ಮನ್ನು ಮಾತ್ರ ಏಕೆ ಬಿಟ್ಟರು? ನಮ್ಮಲ್ಲಿ ಎಫ್‌ಎಂ ಮೊದಲಿನಿಂದಲೂ ಇದೆಯಲ್ಲ ಎಂದು ಮನೆಯಲ್ಲಿ ವಾದವೇ ನಡೆದಿದೆ. ಬಲ್ಲವರು ದಯವಿಟ್ಟು ತಿಳಿಸಬೇಕು.

ಹಳೆಯ ಶ್ರೋತೃ:
ವಾದ ಮಾಡಿದವರ ಮಾತು ಅರ್ಧ ಸರಿ. 102.2 ಮೆಗಾಹರ್ಟ್ಸ್‌ನಲ್ಲಿ ಕೇಳಿಬರುವುದು ಆಕಾಶವಾಣಿಯ ಹಾಸನ ಕೇಂದ್ರ. ಅದು ಎಫ್‌ಎಂ ಹೌದು, ಖಾಸಗಿಯಲ್ಲ. ಎಫ್‌ಎಂ ಎಂಬುದು ಪ್ರಸಾರದ ತಂತ್ರದ ಹೆಸರೇ ಹೊರತು ಒಡೆತನದ ಹೆಸರಲ್ಲ. ಜಾಹೀರಾತು ಬಂದ ಮಾತ್ರಕ್ಕೂ ಖಾಸಗಿಯಾಗುವುದಿಲ್ಲ. ವಿವಿಧ ಭಾರತಿಯಲ್ಲಿ 1967ರಿಂದಲೇ ಜಾಹೀರಾತುಗಳಿವೆ. ಜಿಲ್ಲೆಯ ಮಟ್ಟದ ಕೇಂದ್ರಗಳೆಂಬ ಆಲೋಚನೆಯನ್ನು ಆಕಾಶವಾಣಿ 1984ರಲ್ಲಿ ನಾಗರಕೋಯಿಲಿನಲ್ಲಿ ಮೊದಲು ಪ್ರಯೋಗಿಸಿತು; ನಮ್ಮ ಕೇಂದ್ರವೂ ಅದೇ ಬಳಗದ್ದು. ಅದಕ್ಕೂ ಮುಂಚೆ ನಮ್ಮ ಮನೆಯಲ್ಲಿ ಕೃಷಿ ಕಾರ್ಯಕ್ರಮವೆಂದರೆ ಭದ್ರಾವತಿಯ 675 ಕಿಲೋಹರ್ಟ್ಸ್, ಗಡಿಯಾರಕ್ಕೆ ಕೀಲಿ ಕೊಡುತ್ತಿದ್ದುದೂ ಅದನ್ನು ಕೇಳಿಯೇ.

ಪರವಾನಗಿ ಓದುಗ:
ತಡವಾದದ್ದಕ್ಕೆ ಕಾರಣ ಹಣದ ಲೆಕ್ಕದಲ್ಲಿದೆ. ಬಾನಲೆಗಳು ಸಾರ್ವಜನಿಕ ಸ್ವತ್ತು ಎಂದು ಸುಪ್ರೀಂ ಕೋರ್ಟ್ 1995ರಲ್ಲಿ ಹೇಳಿದ ಮೇಲೆ, 1999ರ ನೀತಿಯಂತೆ ಮೊದಲ ಹಂತದ ಹರಾಜು ನಡೆದು, 2001ರ ಜುಲೈ 3ರಂದು ಬೆಂಗಳೂರಿನಲ್ಲಿ ರೇಡಿಯೋ ಸಿಟಿ ಆರಂಭವಾಯಿತು. ಆದರೆ ಆ ಹಂತದಲ್ಲಿ ಹರಾಜಿನಲ್ಲಿ ಕೂಗಿದ ಮೊತ್ತವನ್ನೇ ವಾರ್ಷಿಕ ಶುಲ್ಕವಾಗಿ ಕಟ್ಟಬೇಕಿತ್ತು, ಮೇಲಾಗಿ ಅದು ವರ್ಷಕ್ಕೆ ಶೇ. 15ರಂತೆ ಏರುತ್ತಲೂ ಇತ್ತು. ಮುಂಬಯಿಯಲ್ಲಿ ಈ ಮೊತ್ತ 9.75 ಕೋಟಿ ರೂಪಾಯಿಗೆ ತಲುಪಿತ್ತು. ಆದಾಯ ಬಂದರೂ ಬಾರದಿದ್ದರೂ ಶುಲ್ಕ ಬೆಳೆಯುತ್ತಿದ್ದುದರಿಂದ ಹಲವರು ಕೈಚೆಲ್ಲಿದರು. 40 ನಗರಗಳ 108 ವಾಹಿನಿಗಳನ್ನು ಹರಾಜಿಗಿಟ್ಟಿದ್ದರೂ ಕೊನೆಗೆ ಪ್ರಸಾರದಲ್ಲಿ ಉಳಿದದ್ದು 12 ನಗರಗಳ 21 ಮಾತ್ರ.

2005ರ ಎರಡನೆಯ ಹಂತದ ನೀತಿ ಇದನ್ನು ಬದಲಿಸಿ, ಒಮ್ಮೆ ಕಟ್ಟುವ ಪ್ರವೇಶ ಶುಲ್ಕ ಮತ್ತು ಒಟ್ಟು ಆದಾಯದ ಶೇ. 4ರ ಪಾಲು ಎಂದು ನಿಗದಿ ಮಾಡಿತು. ಮೈಸೂರು, ಮಂಗಳೂರು, ಕಲಬುರಗಿಗಳಿಗೆ ಖಾಸಗಿ ಬಾನುಲಿ ಬಂದದ್ದು ಈ ಹಂತದಲ್ಲಿ. ಒಂದರಿಂದ ಮೂರು ಲಕ್ಷ ಜನಸಂಖ್ಯೆಯ ನಮ್ಮಂತಹ ಊರುಗಳತ್ತ ವ್ಯಾಪಕವಾಗಿ ನೋಡಿದ್ದು 2011ರ ಮೂರನೆಯ ಹಂತ. ಪಟ್ಟಿಯಲ್ಲಿ ಹೆಸರು ಬರುವುದು ಒಂದು, ಹರಾಜಿನಲ್ಲಿ ಕೊಳ್ಳುವವರು ಬರುವುದು ಇನ್ನೊಂದು, ಎರಡನ್ನೂ ಬೆರೆಸಬಾರದು.

ಕಾಫಿ ಸೀಮೆ:
ಚಿಕ್ಕಮಗಳೂರಿನಿಂದ ಒಂದು ಮಾತು ಸೇರಿಸುತ್ತೇನೆ. ಎಫ್‌ಎಂ ಅಲೆ ಹೆಚ್ಚುಕಡಿಮೆ ನೇರ ಗೆರೆಯಲ್ಲಿ ಸಾಗುತ್ತದೆ, ಬೆಟ್ಟ ಅಡ್ಡ ಬಂದರೆ ಅದರ ಹಿಂದೆ ನೆರಳು ಬೀಳುತ್ತದೆ. ಮಂಗಳೂರಿನ ವಾಹಿನಿಯನ್ನು ಹಾಕಿಕೊಂಡು ಚಾರ್ಮಾಡಿ ಘಾಟಿ ಹತ್ತುವವರಿಗೆ ಇದನ್ನು ವಿವರಿಸಬೇಕಾಗಿಲ್ಲ, ನಾಲ್ಕು ತಿರುವಿನಲ್ಲಿ ಹಾಡು ಕರಕರ ಸದ್ದಾಗುತ್ತದೆ. ಆದ್ದರಿಂದ ನಗರದ ಗೋಪುರವೊಂದರಿಂದ ಹೊರಟ ದನಿ ಗಿರಿಶ್ರೇಣಿಯ ಆಚೆಯ ತೋಟಗಳಿಗೆಲ್ಲ ತಲುಪುತ್ತದೆಂದು ನೆಚ್ಚುವಂತಿಲ್ಲ. ತೋಟದವರನ್ನು ತಲುಪದ ಬಾನುಲಿಗೆ ನಮ್ಮ ಊರಿನ ಗೊಬ್ಬರದ ಅಂಗಡಿಯವರು ಜಾಹೀರಾತು ಕೊಡುವುದೂ ಅನುಮಾನ.

ಬಿ.ಎಂ. ರಸ್ತೆಯವ:
ಎಲ್ಲರಿಗೂ ಧನ್ಯವಾದಗಳು. ಖಾಸಗಿಯವರು ಬಂದರೆ ಹಾಸನದ ಸುದ್ದಿಯನ್ನು ಹಾಸನದವರ ದನಿಯಲ್ಲೇ ಕೇಳಬಹುದೇ?

ಪರವಾನಗಿ ಓದುಗ:
ಸುದ್ದಿಯನ್ನಂತೂ ಕೇಳಲಾಗದು, ಖಾಸಗಿ ಎಫ್‌ಎಂಗೆ ಸ್ವಂತ ವಾರ್ತೆ ಓದಲು ಅನುಮತಿಯಿಲ್ಲ, ಆಕಾಶವಾಣಿಯ ವಾರ್ತೆಯನ್ನು ಬದಲಿಸದೆ ಮರುಪ್ರಸಾರ ಮಾಡಬಹುದಷ್ಟೆ. ಸಂಚಾರ, ಹವಾಮಾನ, ಸ್ಥಳೀಯ ಉತ್ಸವಗಳ ಮಾಹಿತಿಗೆ ಅಡ್ಡಿಯಿಲ್ಲ, ಹಾಸನಾಂಬೆಯ ದರ್ಶನದ ಸರತಿ ಎಲ್ಲಿಯವರೆಗೆ ನಿಂತಿದೆ ಎಂದು ಧಾರಾಳವಾಗಿ ಹೇಳಬಹುದು. ನಮ್ಮವರ ದನಿ ಎಂಬುದರ ಬಗ್ಗೆ ನನಗೆ ಅಳುಕಿದೆ. ಒಂದೇ ಸಂಸ್ಥೆಯ ಕೇಂದ್ರಗಳು ಪರಸ್ಪರ ಕಾರ್ಯಕ್ರಮ ಹಂಚಿಕೊಳ್ಳಲು ಮೂರನೆಯ ಹಂತದ ನೀತಿ ಅವಕಾಶ ಕೊಟ್ಟಿರುವುದರಿಂದ, ಬೆಂಗಳೂರಿನ ನಿರೂಪಕರ ಮಾತನ್ನೇ ಇಲ್ಲಿಗೂ ಹರಿಸಿ, ನಡುವೆ ಬಿ.ಎಂ. ರಸ್ತೆಯ ಚಿನ್ನದಂಗಡಿಯ ಜಾಹೀರಾತನ್ನು ಮಾತ್ರ ಸೇರಿಸುವುದು ಮಾಲೀಕರಿಗೆ ಅಗ್ಗದ ದಾರಿ. ಇಲ್ಲಿಯೇ ಸ್ಟುಡಿಯೋ ನಡೆಸಿ ನಿರೂಪಕರಿಗೆ ಸಂಬಳ ಕೊಡಬೇಕಾದರೆ ದೀಪಾವಳಿಯ ಜಾಹೀರಾತು ಸಾಲದು, ಮಳೆಗಾಲದಲ್ಲಿಯೂ ಜಾಹೀರಾತು ಕೊಡುವ ಅಂಗಡಿಗಳು ಬೇಕು.

ಹಳೆಯ ಶ್ರೋತೃ:
ಅಲ್ಲಿಯವರೆಗೆ 102.2 ಇದ್ದೇ ಇದೆ. ನಮ್ಮ ಆಲೂಗಡ್ಡೆ ಬೆಳೆಗೆ ಅಂಗಮಾರಿ ಬಂದಾಗ ಯಾವ ಔಷಧಿ ಹೊಡೆಯಬೇಕೆಂದು ನಾನು ಕೇಳಿ ತಿಳಿದದ್ದು ಬಾನುಲಿಯಲ್ಲಿಯೇ.